ನೆಳಲು ಸುಳ್ಳಾಡೀತೆ?

ಬೆಟ್ಟ ಹತ್ತಿ, ಫೋಟೋ ತೆಗೆದು, ಮನೆಗೆ ಬಂದು ಅದನ್ನು ನೋಡಿದವರೆಲ್ಲರೂ ಹೇಳುವ ಮಾತೊಂದುಂಟು: ಅಲ್ಲಿ ಕಂಡದ್ದು ಇದರಲ್ಲಿ ಬಂದಿಲ್ಲ. ಕಣ್ಣಮುಂದೆ ಒಂದರ ಹಿಂದೊಂದು ಸರಿಯುತ್ತ ದಿಗಂತದಲ್ಲಿ ಕರಗಿಹೋಗುತ್ತಿದ್ದ ಗಿರಿಶ್ರೇಣಿ ಚಿತ್ರದಲ್ಲಿ ಗೋಡೆಗೆ ಅಂಟಿಸಿದ ಬೂದುಬಣ್ಣದ ಕಾಗದದ ಚೂರಿನಂತೆ ಬಿದ್ದಿರುತ್ತದೆ. ಕಣಿವೆಗೆ ಆಳವಿಲ್ಲ, ಮೋಡಕ್ಕೆ ಮೈಯಿಲ್ಲ. ಯಂತ್ರ ತನ್ನ ಕೆಲಸವನ್ನು ಪ್ರಾಮಾಣಿಕವಾಗಿಯೇ ಮಾಡಿದೆ. ಆದರೂ ನಮಗೆ ಮೋಸವಾದಂತೆ ತೋರುತ್ತದೆ.

ಇನ್ನೊಮ್ಮೆ, ಕೆಲಸ ಬಲ್ಲವನೊಬ್ಬ ತೆಗೆದ ಬೆಟ್ಟದ ಚಿತ್ರ ನಮ್ಮ ಕಣ್ಣಿಗೆ ಬೀಳುತ್ತದೆ. ಹತ್ತಿರದ ಬಂಡೆ ಕೈಗೆ ತಗುಲುವಂತಿದೆ. ಅದರಾಚೆಯ ಕಣಿವೆ ಇಳಿದು ಹೋಗುತ್ತಿದೆ. ಮೇಲೆ ಕಪ್ಪು ಆಕಾಶದಲ್ಲಿ ಬೆಳ್ಮುಗಿಲು. ನೋಡಿದೊಡನೆ ಮನಸ್ಸು ತುಂಬುತ್ತದೆ. ಮರುಕ್ಷಣವೇ ಅನುಮಾನ ತಲೆಯೆತ್ತುತ್ತದೆ. ಇದು ನಿಜವಾಗಿ ಹೀಗೆಯೇ ಇದ್ದಿತೆ? ಆಕಾಶ ಎಂದಾದರೂ ಅಷ್ಟು ಕಪ್ಪಾಗಿರುವುದುಂಟೆ? "ಏನೋ ಕೈಚಳಕ ಮಾಡಿದ್ದಾನೆ" ಎಂದು ಪಕ್ಕದಲ್ಲಿದ್ದವರು ಅಂದುಬಿಟ್ಟರೆ ಸಾಕು, ಚಿತ್ರದ ಬೆಲೆ ನಮ್ಮ ಎಣಿಕೆಯಲ್ಲಿ ಅರ್ಧಕ್ಕಿಳಿಯುತ್ತದೆ. ಚಪ್ಪಟೆಯಾದ ಚಿತ್ರ ಬಂದರೆ ನಿಜವಲ್ಲವೆನ್ನುತ್ತೇವೆ. ಆಳವುಳ್ಳ ಚಿತ್ರ ಬಂದರೂ ನಿಜವಲ್ಲವೆನ್ನುತ್ತೇವೆ. ನಾವು ಕೇಳುತ್ತಿರುವ ಆ ನಿಜವಾದರೂ ಯಾವುದು?

ಕಾವ್ಯದ ವಿಷಯದಲ್ಲಿ ಈ ಪ್ರಶ್ನೆ ನಮ್ಮನ್ನು ಇಷ್ಟಾಗಿ ಕಾಡುವುದಿಲ್ಲ. ಕವಿ ಮುಗಿಲನ್ನು ಆನೆಯೆಂದರೆ ಯಾರೂ ಅವನನ್ನು ಸುಳ್ಳುಗಾರನೆಂದು ಕರೆಯರು. ಛಾಯಾಚಿತ್ರದ ಮಾತು ಬೇರೆ. ಅದು ಸಾಕ್ಷಿ ನುಡಿಯುತ್ತದೆಂದು ನಾವು ನಂಬಿದ್ದೇವೆ; ಸಾಕ್ಷಿಯ ಬಾಯಲ್ಲಿ ಅಲಂಕಾರ ಬಂದರೆ ಕೇಳುವವರಿಗೆ ಸಂಶಯ. ಆದಕಾರಣ ಈ ಪ್ರಶ್ನೆ ಬರಿಯ ಕಲೆಗೆ ಸಂಬಂಧಿಸಿದ್ದಲ್ಲ, ನೀತಿಗೂ ಸಂಬಂಧಿಸಿದ್ದು.

ಮೊದಲು ಯಂತ್ರದ ಪ್ರಾಮಾಣಿಕತೆ ಎಂಥದೆಂದು ನೋಡೋಣ. ಬಿಸಿಲು ಬಿದ್ದ ಬಿಳಿಯ ಮೋಡಕ್ಕೂ ಬಂಡೆಯ ಬುಡದ ನೆರಳಿಗೂ ಬೆಳಕಿನಲ್ಲಿರುವ ಅಂತರ ಸಾವಿರಕ್ಕೆ ಒಂದರಷ್ಟು, ಕೆಲವು ವೇಳೆ ಇನ್ನೂ ಹೆಚ್ಚು. ಚಿತ್ರವನ್ನು ಮೂಡಿಸುವ ಕಾಗದದಲ್ಲಿಯೋ, ಅತಿ ಬಿಳುಪಿಗೂ ಅತಿ ಕಪ್ಪಿಗೂ ಇರುವ ಅಂತರ, ಹೊಳಪಿನ ಕಾಗದವಾದರೂ, ನೂರಕ್ಕೆ ಒಂದರ ಆಸುಪಾಸು. ಸಾವಿರ ಕೊಳಗದ ರಾಶಿಯನ್ನು ನೂರು ಕೊಳಗದ ಕಣಜಕ್ಕೆ ತುಂಬಬೇಕಾಗಿದೆ. ಯಾವುದನ್ನು ಒಳಗೆ ಹಾಕಬೇಕು, ಯಾವುದನ್ನು ಹೊರಗೆ ಬಿಡಬೇಕು ಎಂಬುದನ್ನು ಯಾರಾದರೂ ತೀರ್ಮಾನಿಸಲೇಬೇಕು. ಚಿತ್ರ ತೆಗೆಯುವವನು ತೀರ್ಮಾನಿಸದಿದ್ದರೆ ಫಿಲಮನ್ನೂ ಕಾಗದವನ್ನೂ ತಯಾರಿಸಿದ ಕಾರ್ಖಾನೆಯವರು ಅವನ ಪರವಾಗಿ ಮೊದಲೇ ತೀರ್ಮಾನಿಸಿರುತ್ತಾರೆ. ಮನುಷ್ಯನ ಕೈಯಾಡದ ಚಿತ್ರವೆಂಬುದು ಇಲ್ಲವೇ ಇಲ್ಲ. ಆಡಿದ್ದು ಯಾರ ಕೈ ಎಂದು ಕೇಳಬಹುದು, ಅಷ್ಟೆ.

ಕಣ್ಣಿನ ರೀತಿ ಇದಕ್ಕಿಂತ ಬೇರೆ. ಮೋಡವನ್ನು ನೋಡುವಾಗ ಪಾಪೆ ಕಿರಿದಾಗುತ್ತದೆ, ನೆರಳಿಗೆ ಹೊರಳಿದಾಗ ಹಿಗ್ಗುತ್ತದೆ. ಒಳಗಿನ ಅಕ್ಷಿಪಟಲವೂ ಬೆಳಕಿಗೆ ತಕ್ಕಂತೆ ತನ್ನನ್ನು ಹೊಂದಿಸಿಕೊಳ್ಳುತ್ತದೆ. ಹೀಗೆ ಹತ್ತಾರು ಸಲ ಅತ್ತಿತ್ತ ಹೊರಳಿದ ನೋಟಗಳನ್ನು ಮನಸ್ಸು ಹೊಲಿದು ಒಂದು ದೃಶ್ಯ ಮಾಡಿಕೊಡುತ್ತದೆ. ಇನ್ನು ಆಳದ ಮಾತು. ಎರಡು ಕಣ್ಣುಗಳು ಕೂಡಿ ಕೊಡುವ ಆಳದ ಅರಿವು ಹತ್ತಿರದ ವಸ್ತುಗಳಿಗೆ ಚೆನ್ನಾಗಿ ಒದಗುತ್ತದೆಯೇ ಹೊರತು ಮೈಲಿಗಟ್ಟಲೆ ದೂರದ ಬೆಟ್ಟಗಳಿಗೆ ಒದಗುವುದಿಲ್ಲ. ಅಲ್ಲಿ ನಾವು ದೂರವನ್ನು ಓದುವುದು ಬಣ್ಣದ ಏರಿಳಿತದಿಂದ. ನಡುವಿನ ಗಾಳಿ ಬೆಳಕನ್ನು, ಅದರಲ್ಲಿಯೂ ನೀಲಿಯನ್ನು, ಚದುರಿಸುವುದರಿಂದ ಹತ್ತಿರದ ಬೆಟ್ಟ ಕರಿಹಸುರಾಗಿ ಕಂಡರೆ ಅದರ ಹಿಂದಿನದು ನೀಲಿ, ಅದರಾಚೆಯದು ಹೊಗೆಬಣ್ಣ, ಕಡೆಯದು ಆಕಾಶವೋ ಬೆಟ್ಟವೋ ಎನ್ನುವಂತಿರುತ್ತದೆ. ಈ ಮೆಟ್ಟಿಲುಗಳು ಅಳಿಸಿಹೋದರೆ ದೂರವೂ ಅಳಿಸಿಹೋಗುತ್ತದೆ. ಹಾಗಾದ್ದರಿಂದ ನೆರಳು ಬೆಳಕುಗಳ ತರತಮವನ್ನು ಚಿತ್ರಕ್ಕೆ ತೊಡಿಸಿದ ಒಡವೆಯೆಂದು ತಿಳಿಯುವುದು ತಪ್ಪು. ದೂರವೆಂಬ ಸಂಗತಿಯನ್ನು ಹೇಳಲು ಇರುವ ಮುಖ್ಯ ಭಾಷೆ ಅದು. ಚಪ್ಪಟೆಯಾದ ಚಿತ್ರ ಆ ಸಂಗತಿಯನ್ನೇ ನುಂಗಿಬಿಟ್ಟಿರುತ್ತದೆ. ಅದನ್ನು ಪ್ರಾಮಾಣಿಕವೆಂದು ಹೇಗೆ ಹೊಗಳುವುದು?

ನಮ್ಮ ಪ್ರಾಚೀನರು ಇದನ್ನು ಚೆನ್ನಾಗಿ ಬಲ್ಲವರು. ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರ ನೆರಳು ತುಂಬುವ ಕೆಲಸಕ್ಕೆ 'ವರ್ತನಾ' ಎಂದು ಹೆಸರಿಟ್ಟು ಅದರಲ್ಲಿ ಮೂರು ಬಗೆಗಳನ್ನು ಹೇಳುತ್ತದೆ. ತಗ್ಗು ಉಬ್ಬುಗಳನ್ನು ತೋರಿಸಬಲ್ಲವನನ್ನು ಚಿತ್ರಜ್ಞನೆಂದು ಮನ್ನಿಸುತ್ತದೆ. ಶಾಕುಂತಲದ ಆರನೆಯ ಅಂಕದಲ್ಲಿ ದುಷ್ಯಂತನು ತಾನು ಬರೆದ ಶಕುಂತಲೆಯ ಚಿತ್ರವನ್ನು ಮುಂದಿಟ್ಟುಕೊಂಡು ಕುಳಿತಿರುವಾಗ ವಿದೂಷಕ ಅದರ ಹಳ್ಳದಿಣ್ಣೆಗಳಲ್ಲಿ ತನ್ನ ದೃಷ್ಟಿ ಎಡವುತ್ತಿದೆಯೆಂಬ ಅರ್ಥದ ಮಾತಾಡುತ್ತಾನೆ. ಆಳವುಳ್ಳ ಚಿತ್ರಕ್ಕೆ ಇದಕ್ಕಿಂತ ಹಿರಿಯ ಮೆಚ್ಚುಗೆಯನ್ನು ನಾನು ಕಾಣೆ. ಅದನ್ನು ಆಡಿದವನು ಹೊಟ್ಟೆಬಾಕನಾದ ವಿದೂಷಕ ಎಂಬುದು ಕಾಳಿದಾಸನ ಸೊಗಸು. ಆದರೆ ಅರಸನಿಗೆ ತೃಪ್ತಿಯಿಲ್ಲ. ಮಾಲಿನೀ ನದಿ, ಅದರ ಮರಳಿನ ಮೇಲೆ ಹಂಸದ ಜೋಡಿ, ಹಿಮಾಲಯದ ತಪ್ಪಲು, ಕೊಂಬೆಗೆ ನಾರುಮಡಿ ತೂಗುಬಿಟ್ಟ ಮರ, ಇವೆಲ್ಲ ಇನ್ನೂ ಬರೆಯುವುದಿದೆ ಎನ್ನುತ್ತಾನೆ. ಅವು ಅರಮನೆಯ ತೋಟದಲ್ಲಿಲ್ಲ, ಅವನ ನೆನಪಿನಲ್ಲಿವೆ. ಕುಂಚ ಹಿಡಿದವನಿಗೆ ಹೀಗೆ ನೆನಪಿನಿಂದ ತುಂಬುವ ಸ್ವಾತಂತ್ರ್ಯವುಂಟು. ಕ್ಯಾಮೆರಾ ಹಿಡಿದವನಿಗೆ ಉಂಟೆ?

1839ರಲ್ಲಿ ಛಾಯಾಗ್ರಹಣ ಲೋಕಕ್ಕೆ ತಿಳಿಯಿತು. ಅದಾಗಿ ಇಪ್ಪತ್ತು ವರ್ಷ ತುಂಬುವ ಮೊದಲೇ ಈ ಪ್ರಶ್ನೆ ಎದ್ದಿತ್ತು. ಆ ಕಾಲದ ನೆಗೆಟಿವುಗಳಿಗೆ ನೀಲಿ ಬೆಳಕು ಬಲು ಬೇಗ ತಾಕುತ್ತಿತ್ತು; ಹಸುರು ಕೆಂಪುಗಳು ತಾಕುತ್ತಿರಲಿಲ್ಲವೆಂದೇ ಹೇಳಬೇಕು. ನೆಲದ ಚಿತ್ರ ಮೂಡುವಷ್ಟು ಹೊತ್ತು ಕಾದರೆ ಅಷ್ಟರಲ್ಲಿ ಆಕಾಶ ಬೆಳಕು ತುಂಬಿ ಬರಿಯ ಬಿಳಿಹಾಳೆಯಾಗಿಬಿಡುತ್ತಿತ್ತು. ಫ್ರಾನ್ಸಿನ ಗುಸ್ತಾವ್ ಲೆ ಗ್ರೇ ಇದಕ್ಕೊಂದು ಉಪಾಯ ಮಾಡಿದ. 1856-57ರಲ್ಲಿ ಆತ ತೆಗೆದ ಸಮುದ್ರದ ಚಿತ್ರಗಳಲ್ಲಿ ಹಲವು ಎರಡು ನೆಗೆಟಿವುಗಳ ಕೂಟ: ಒಂದರಿಂದ ನೀರು, ಇನ್ನೊಂದರಿಂದ ಮುಗಿಲು, ದಿಗಂತದ ಗೆರೆಯಲ್ಲಿ ಬೆಸುಗೆ. ಸೆತ್ ಬಂದರಿನ ಮಹಾತರಂಗದ ಚಿತ್ರ ಇವುಗಳಲ್ಲಿ ಹೆಸರಾದದ್ದು. ಒಂದೇ ಮುಗಿಲನ್ನು ಬೇರೆ ಬೇರೆ ಕಡಲುಗಳ ಮೇಲೆ ತಂದು ಕೂಡಿಸಿದ್ದೂ ಉಂಟು.

ಅದೇ ವರ್ಷಗಳಲ್ಲಿ ಇದೇ ತೊಡಕು ನಮ್ಮ ಕಡೆಯೂ ಒಬ್ಬನಿಗೆ ಬಂದಿತ್ತು. ಮದರಾಸು ಸೈನ್ಯದ ಅಧಿಕಾರಿ ಲಿನಿಯಸ್ ಟ್ರೈಪ್ 1854ರಲ್ಲಿ ಹಳೇಬೀಡು, ಬೇಲೂರು, ಶ್ರವಣಬೆಳಗೊಳಗಳಲ್ಲಿ ಕ್ಯಾಮೆರಾ ಹೂಡಿದ. ಮರುವರ್ಷ ಸರ್ಕಾರದ ನಿಯೋಗದೊಡನೆ ಬರ್ಮಾಕ್ಕೆ ಹೋದ; ಆಮೇಲೆ ಮಧುರೆ ಮೊದಲಾದ ಕಡೆಗಳ ದೇವಾಲಯಗಳನ್ನು ಚಿತ್ರಿಸಿದ. ಈತ ಬಳಸಿದ್ದು ಮೇಣ ಸವರಿದ ಕಾಗದದ ನೆಗೆಟಿವು. ಆ ವಿಧಾನವನ್ನು ಹೊರಗೆಡಹಿದವನು ಅದೇ ಲೆ ಗ್ರೇ. ಆಕಾಶ ಬರಿದಾಗುತ್ತಿದ್ದುದು ಟ್ರೈಪ್‌ಗೂ ಸಹಿಸಲಿಲ್ಲ. ಆತ ನೆಗೆಟಿವಿನ ಬೆನ್ನಿಗೆ ಕುಂಚದಿಂದ ಬಣ್ಣ ಹಚ್ಚಿ ಮೋಡಗಳನ್ನು ತಾನೇ ಬರೆದ. ಕೆಲವೆಡೆ ಎಲೆಗಳ ಗೊಂಚಲನ್ನೂ ತಿದ್ದಿದ. ಇದ್ದದ್ದನ್ನು ಇದ್ದಂತೆ ದಾಖಲೆ ಮಾಡೆಂದು ಸರ್ಕಾರ ಕಳಿಸಿದ ಮನುಷ್ಯ ಈತ!

ಇದು ಸುಳ್ಳೆ? ಆ ದಿನ ಆ ಗೋಪುರದ ಮೇಲೆ ಮೋಡವಿದ್ದರೂ ಇದ್ದೀತು. ಈ ಮೋಡವಂತೂ ಇರಲಿಲ್ಲ. ಆದರೂ ಟ್ರೈಪ್‌ನ ಮೇಲೆ ನನಗೆ ಸಿಟ್ಟು ಬರುವುದಿಲ್ಲ. ಆ ಚಿತ್ರವನ್ನು ನಾವು ಕೇಳುವುದು ಗೋಪುರದ ವಿಷಯ. ಗೋಪುರದ ವಿಷಯದಲ್ಲಿ ಅದು ನಂಬಿಕೆಗೆ ಅರ್ಹವಾಗಿದೆ. ಹಿಂದೆ ಮೋಡ ಮೂಡಿದ್ದರಿಂದ ಶಿಖರ ಆಕಾಶದಿಂದ ಬೇರ್ಪಟ್ಟು ಮುಂದೆ ಬರುತ್ತದೆ, ತನ್ನ ಗಾತ್ರವನ್ನು ತೋರುತ್ತದೆ. ಮುಂಗಾರಿನ ಚರಿತ್ರೆ ಬರೆಯುವವನು ಅದೇ ಚಿತ್ರವನ್ನು ಆಧಾರವಾಗಿ ಹಿಡಿದರೆ ಮಾತ್ರ ಕೆಟ್ಟ. ಒಂದು ಚಿತ್ರ ಸತ್ಯವೇ ಅಲ್ಲವೇ ಎಂದು ಬರಿದೆ ಕೇಳಿದರೆ ಉತ್ತರ ದೊರೆಯದು. ಯಾವ ವಿಷಯದಲ್ಲಿ ಅದನ್ನು ಸಾಕ್ಷಿಗೆ ಕರೆದಿದ್ದೇವೆಂಬುದನ್ನು ಮೊದಲು ಹೇಳಬೇಕು.

ಪ್ರಕೃತಿಯ ಚಿತ್ರದಲ್ಲಿ ಇನ್ನೂ ಬಿಗಿಯಾದ ಉದಾಹರಣೆ ಬೇಕಾದರೆ ಅಮೆರಿಕದ ಆನ್ಸೆಲ್ ಆಡಮ್ಸ್‌ನ ಕಡೆಗೆ ತಿರುಗಬೇಕು. 1902ರಲ್ಲಿ ಹುಟ್ಟಿ 1984ರಲ್ಲಿ ತೀರಿಕೊಂಡ ಈತನಷ್ಟು ನೆರಳು ಬೆಳಕುಗಳನ್ನು ಕುರಿತು ಯೋಚಿಸಿದವರು ವಿರಳ. 1927ರ ಏಪ್ರಿಲ್‌ನಲ್ಲಿ ಒಂದು ದಿನ ಈ ತರುಣ ಭಾರವಾದ ಕ್ಯಾಮೆರಾ ಹೊತ್ತು ಹಿಮದಲ್ಲಿ ನಡೆದು ಯೊಸೆಮಿಟಿ ಕಣಿವೆಯ ಹಾಫ್ ಡೋಮ್ ಎಂಬ ಹೆಬ್ಬಂಡೆಯ ಎದುರು ನಿಂತ. ಉಳಿದಿದ್ದುದು ಎರಡೇ ಪ್ಲೇಟು. ಹಳದಿ ಫಿಲ್ಟರು ಹಾಕಿ ಒಂದನ್ನು ತೆಗೆದ. ತೆಗೆದ ಮೇಲೆ ಅನ್ನಿಸಿತು: ಇದರಲ್ಲಿ ಆಕಾಶ ಪೇಲವವಾಗಿ ಬರುತ್ತದೆ, ಬಂಡೆಯ ಎದುರು ನಿಂತಾಗ ಆಗುತ್ತಿರುವ ದಿಗಿಲು ಇದರಲ್ಲಿರುವುದಿಲ್ಲ. ಉಳಿದ ಪ್ಲೇಟಿಗೆ ಕಡುಗೆಂಪು ಫಿಲ್ಟರು ಹಾಕಿದ. ಕೆಂಪು ಗಾಜು ನೀಲಿಯನ್ನು ತಡೆಯುತ್ತದೆ. ಆಕಾಶ ಹೆಚ್ಚುಕಡಿಮೆ ಕಪ್ಪಾಯಿತು, ಹಿಮ ಬೆಳಗಿತು, ಬಂಡೆ ಮುಂದೆ ಬಂದು ನಿಂತಿತು. ಎರಡು ಚಿತ್ರಗಳೂ ಒಂದೇ ಜಾಗದಿಂದ, ಒಂದೇ ದಿನ ತೆಗೆದವು. ಯಾವುದು ನಿಜವೆಂದು ಕೇಳಿದರೆ ಹೇಳುವುದು ಕಷ್ಟ. ಹಳದಿಯದು ಆಕಾಶದ ಬಣ್ಣಕ್ಕೆ ಹತ್ತಿರ, ಕೆಂಪಿನದು ಬಂಡೆಯ ಎತ್ತರಕ್ಕೆ ಹತ್ತಿರ.

ಮುಂದೆ 1940ರ ಸುಮಾರಿಗೆ ಆತ ಫ್ರೆಡ್ ಆರ್ಚರ್ ಎಂಬಾತನೊಡನೆ ಸೇರಿ ಕಡುಗಪ್ಪಿನಿಂದ ಅಚ್ಚಬಿಳುಪಿನವರೆಗೆ, ಸೊನ್ನೆಯಿಂದ ಹತ್ತರವರೆಗೆ, ಹನ್ನೊಂದು ಮೆಟ್ಟಿಲುಗಳನ್ನು ಎಣಿಸುವ ಪದ್ಧತಿಯೊಂದನ್ನು ರೂಪಿಸಿದ. ದೃಶ್ಯದ ಯಾವ ಭಾಗ ಯಾವ ಮೆಟ್ಟಿಲಿನ ಮೇಲೆ ನಿಲ್ಲಬೇಕೆಂಬುದನ್ನು ಗುಂಡಿ ಒತ್ತುವ ಮೊದಲೇ ಮನಸ್ಸಿನಲ್ಲಿ ಕಂಡುಕೊಳ್ಳಬೇಕೆಂಬುದು ಅದರ ತಿರುಳು. ನಮ್ಮ ಸಂಗೀತಗಾರರು ಶ್ರುತಿ ಹಿಡಿಯುವಂತೆ.

1941ರಲ್ಲಿ ನ್ಯೂ ಮೆಕ್ಸಿಕೋದ ಹರ್ನಾಂಡೆಜ್ ಎಂಬ ಹಳ್ಳಿಯ ಬಳಿ ಆತ ಕಂಡ ಚಂದ್ರೋದಯದ ಚಿತ್ರ ಬಹು ಪ್ರಸಿದ್ಧ. ಸೂರ್ಯ ಇಳಿಯುತ್ತಿದ್ದಾನೆ, ಹಳ್ಳಿಯ ಸ್ಮಶಾನದ ಬಿಳಿಯ ಶಿಲುಬೆಗಳ ಮೇಲೆ ಕಡೆಯ ಬೆಳಕು, ದೂರದ ಬೆಟ್ಟದ ಮೇಲೆ ಚಂದ್ರ. ಬೆಳಕು ಅಳೆಯುವ ಮೀಟರು ಸಿಕ್ಕಲಿಲ್ಲ. ಚಂದ್ರನ ಬೆಳಕಿನ ಪ್ರಮಾಣ ನೆನಪಿದ್ದುದರಿಂದ ಅದರ ಮೇಲೆ ಲೆಕ್ಕಹಾಕಿ ಒಂದು ನೆಗೆಟಿವು ತೆಗೆದ. ಎರಡನೆಯದಕ್ಕೆ ಸಿದ್ಧವಾಗುವಷ್ಟರಲ್ಲಿ ಶಿಲುಬೆಗಳ ಮೇಲಿನ ಬೆಳಕು ಆರಿತ್ತು. ತೆಗೆದ ದಿನ ಆತನಿಗೇ ಮರೆತುಹೋಗಿ, ಕೊನೆಗೆ ಖಗೋಳಶಾಸ್ತ್ರಜ್ಞರು ಚಂದ್ರನ ಎತ್ತರವನ್ನು ಲೆಕ್ಕಹಾಕಿ ಆ ಸಂಜೆಯನ್ನು ಗೊತ್ತುಮಾಡಿಕೊಡಬೇಕಾಯಿತು. ಚಿತ್ರ ಸಾಕ್ಷಿಯಾಗಿ ಎಷ್ಟು ಗಟ್ಟಿಯೆಂಬುದಕ್ಕೆ ಇದೂ ಒಂದು ನಿದರ್ಶನ.

ಆದರೆ ಆ ಒಂದು ನೆಗೆಟಿವಿನಿಂದ ಆತ ನಲವತ್ತು ವರ್ಷಗಳ ಉದ್ದಕ್ಕೂ ತೆಗೆದ ಸಾವಿರಕ್ಕೂ ಮೀರಿದ ಪ್ರಿಂಟುಗಳು ಒಂದರಂತೆ ಒಂದಿಲ್ಲ. ಮೊದಲಿನವುಗಳಲ್ಲಿ ಆಕಾಶ ನಸುಗಪ್ಪು, ಮೇಲುಗಡೆ ತೆಳುಮೋಡದ ಎಳೆಗಳೂ ಕಾಣುತ್ತವೆ. 1948ರಲ್ಲಿ ನೆಗೆಟಿವಿನ ಕೆಳಭಾಗವನ್ನು ರಾಸಾಯನಿಕದಿಂದ ಬಲಪಡಿಸಿದ. ವರ್ಷ ಕಳೆದಂತೆ ಆಕಾಶ ಕಪ್ಪಾಗುತ್ತ ಹೋಗಿ, ಮೇಲಿನ ಎಳೆಗಳು ಮಾಯವಾದವು. ಪಿಯಾನೋ ಕಲಿತಿದ್ದ ಆಡಮ್ಸ್ ನೆಗೆಟಿವನ್ನು ಸಂಗೀತದ ಲಿಪಿಗೂ ಪ್ರಿಂಟನ್ನು ಅದರ ವಾದನಕ್ಕೂ ಹೋಲಿಸುತ್ತಿದ್ದ. ನಮಗೆ ಇದು ಹೊಸದಲ್ಲ. ಕೀರ್ತನೆ ಒಂದೇ ಆದರೂ ಇಪ್ಪತ್ತು ವರ್ಷದವನಿದ್ದಾಗ ಹಾಡಿದವನೇ ಎಪ್ಪತ್ತರಲ್ಲಿ ಅದನ್ನು ಬೇರೆ ಬಗೆಯಾಗಿ ಹಾಡುತ್ತಾನೆ. ನನ್ನ ರುಚಿಗೆ ಹಳೆಯ ಪ್ರಿಂಟುಗಳೇ ಹೆಚ್ಚು. ಹೊಸವುಗಳ ಕಪ್ಪಿನಲ್ಲಿ ನಾಟಕದ ಪರದೆಯ ಛಾಯೆಯಿದೆ. ಆದರೆ ಇದು ರುಚಿಯ ಮಾತು. ಚಂದ್ರ, ಶಿಲುಬೆ, ಬೆಟ್ಟ ಎಲ್ಲವೂ ಅಲ್ಲಿದ್ದವು. ಅವುಗಳ ನಡುವಿನ ದೂರವೂ ಇದ್ದಿತು. ಇಲ್ಲಿಯವರೆಗೆ ಆತನ ಮೇಲೆ ನೀತಿಯ ಆಪಾದನೆ ಹೊರಿಸಲಾರೆ.

ಕಪ್ಪು ಮಾಡುವುದು ಬೇರೆ, ಅಳಿಸುವುದು ಬೇರೆ. ಕ್ಯಾಲಿಫೋರ್ನಿಯದ ಲೋನ್ ಪೈನ್ ಎಂಬ ಊರಿನಿಂದ ಆಡಮ್ಸ್ 1944ರಲ್ಲಿ ಚಳಿಗಾಲದ ಸೂರ್ಯೋದಯವನ್ನು ಚಿತ್ರಿಸಿದ. ಕೊರೆಯುವ ಚಳಿಯಲ್ಲಿ ಎಷ್ಟೋ ಬೆಳಗುಗಳು ಕಾದು ಪಡೆದ ಚಿತ್ರ ಅದು. ಮೇಲೆ ಬಿಸಿಲೇರಿದ ಹಿಮಶಿಖರಗಳು, ನಡುವೆ ಇದ್ದಿಲಿನಂಥ ಕಪ್ಪು ಗುಡ್ಡದ ಪಟ್ಟಿ, ಕೆಳಗೆ ಬೆಳಕು ಬಿದ್ದ ಹುಲ್ಲುಗಾವಲಿನಲ್ಲಿ ಮೇಯುವ ಒಂದು ಕುದುರೆ. ಬೆಳಕು, ಕತ್ತಲೆ, ಮತ್ತೆ ಬೆಳಕು: ಮೂರೇ ಪದರಗಳಲ್ಲಿ ಎಷ್ಟು ದೂರ! ಆದರೆ ಆ ಕಪ್ಪು ಗುಡ್ಡದ ಮೇಲೆ ಊರ ಶಾಲೆಯ ಹುಡುಗರು ಕಲ್ಲು ಜೋಡಿಸಿ ಸುಣ್ಣ ಬಳಿದು ತಮ್ಮೂರಿನ ಹೆಸರಿನ ಎರಡು ಪದಗಳ ಮೊದಲಕ್ಷರಗಳನ್ನು ದೊಡ್ಡದಾಗಿ ಬರೆದಿದ್ದರು. ಆಡಮ್ಸ್ ಅವನ್ನು ನೆಗೆಟಿವಿನಲ್ಲಿಯೇ ಕೆರೆದು ತೆಗೆದ. ಉಳಿದ ಗುರುತನ್ನು ಪ್ರಿಂಟಿನಲ್ಲಿ ಮುಚ್ಚಿದ. ಮುಂದೆ ತಾನೇ ಪುಸ್ತಕದಲ್ಲಿ ಇದನ್ನು ಹೇಳಿಕೊಂಡ. ಬೆಟ್ಟಕ್ಕಾದ ಗಾಯವನ್ನು ಶಾಶ್ವತಗೊಳಿಸುವಷ್ಟು ಮಡಿವಂತ ತಾನಲ್ಲವೆಂಬುದು ಆತನ ವಾದ.

ವಾದ ಚೆನ್ನಾಗಿದೆ, ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಗುಡ್ಡದ ಮೇಲೆ ಹೆಸರು ಗೀಚುವ ಚಪಲವನ್ನು ನಾನೂ ಮೆಚ್ಚುವವನಲ್ಲ. ನಮ್ಮ ಕೋಟೆ ಗುಡಿಗಳ ಗೋಡೆಗಳನ್ನು ನೋಡಿದವರಿಗೆ ಆ ಬೇಸರ ಗೊತ್ತು. ಆದರೆ ಆಕಾಶವನ್ನು ಕಪ್ಪು ಮಾಡಿದಾಗ ಆಡಮ್ಸ್ ಇದ್ದದ್ದರ ಪ್ರಮಾಣವನ್ನು ಹೇಳುತ್ತಿದ್ದ; ಅಕ್ಷರಗಳನ್ನು ಅಳಿಸಿದಾಗ ಇದ್ದದ್ದನ್ನು ಇಲ್ಲವೆಂದ. ಅಲ್ಲಿ ಮನುಷ್ಯರಿದ್ದಾರೆ, ಅವರಲ್ಲಿ ಹುಡುಗರಿದ್ದಾರೆ, ಹುಡುಗರಿಗೆ ತಮ್ಮೂರೆಂದರೆ ಹೆಮ್ಮೆಯಿದೆ ಎಂಬುದೂ ಆ ಕಣಿವೆಯ ಸಂಗತಿಯೇ ಆಗಿತ್ತು. ಅಚ್ಚಳಿಯದ, ಮನುಷ್ಯ ಮುಟ್ಟದ ಪ್ರಕೃತಿಯೊಂದನ್ನು ತೋರಿಸಬೇಕೆಂಬ ಆಸೆಗೆ ಅವರು ಅಡ್ಡಬಂದರು. ಆದರೂ ತಾನು ಮಾಡಿದ್ದನ್ನು ತಾನೇ ಹೇಳಿದನಲ್ಲ, ಅದರಿಂದ ತಪ್ಪಿನ ಭಾರ ಬಹಳ ಇಳಿಯುತ್ತದೆ. ಕೇಳಿದರೆ ಉತ್ತರ ಕೊಡುವ ಒಬ್ಬ ಮನುಷ್ಯ ಚಿತ್ರದ ಹಿಂದೆ ಇದ್ದ. ಈಗ ನಮ್ಮ ಜೇಬಿನ ಫೋನು ಗುಂಡಿ ಒತ್ತಿದ ಕ್ಷಣದಲ್ಲಿ ಹಲವು ಚಿತ್ರಗಳನ್ನು ತೆಗೆದು, ಒಂದರಿಂದ ಮೋಡವನ್ನೂ ಇನ್ನೊಂದರಿಂದ ನೆರಳನ್ನೂ ಆಯ್ದು ತಾನೇ ಬೆಸೆದುಕೊಡುತ್ತದೆ. ಲೆ ಗ್ರೇ ದಿನವಿಡೀ ಶ್ರಮಪಟ್ಟ ಕೆಲಸ! ಬೇಕೆಂದರೆ ನಿನ್ನೆಯ ಆಕಾಶವನ್ನು ತೆಗೆದು ಬೇರೆ ಆಕಾಶ ಕೂರಿಸಿಕೊಡುವ ತಂತ್ರಗಳೂ ಬಂದಿವೆ. ಯಾಕೆ ಹೀಗೆ ಮಾಡಿದೆ ಎಂದು ಅಲ್ಲಿ ಯಾರನ್ನು ಕೇಳುವುದು?

ಇಷ್ಟಾದರೂ ನನ್ನನ್ನು ಹೆಚ್ಚು ಕಾಡುವ ಚಿತ್ರ ಬೇರೆಯದು, ಮತ್ತು ಅದರಲ್ಲಿ ಆಡಮ್ಸ್ ಏನನ್ನೂ ಅಳಿಸಿಲ್ಲ. ಲೋನ್ ಪೈನ್‌ನಿಂದ ಕೆಲವೇ ಮೈಲಿ ದೂರದಲ್ಲಿ ಮಾಂಜನಾರ್ ಎಂಬ ಸ್ಥಳವಿದೆ. ಜಪಾನಿನೊಡನೆ ಯುದ್ಧ ಹತ್ತಿದ ಮೇಲೆ, 1942ರ ಫೆಬ್ರವರಿಯಲ್ಲಿ ಹೊರಟ ಆಜ್ಞೆಯ ಪ್ರಕಾರ ಅಮೆರಿಕದ ಸರ್ಕಾರ ಜಪಾನೀ ಮೂಲದ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಮನೆಮಠಗಳಿಂದ ಎಬ್ಬಿಸಿ ಹತ್ತು ಶಿಬಿರಗಳಲ್ಲಿ ಕೂಡಿಹಾಕಿತು. ಅವರಲ್ಲಿ ಹೆಚ್ಚಿನವರು ಅಲ್ಲಿಯೇ ಹುಟ್ಟಿದ ಪ್ರಜೆಗಳು. ಮಾಂಜನಾರ್ ಅಂಥ ಒಂದು ಶಿಬಿರ. ಒಂದು ಕಾಲಕ್ಕೆ ಅಲ್ಲಿ ಹತ್ತು ಸಾವಿರ ಜನ ಇದ್ದರು. ಶಿಬಿರದ ಅಧಿಕಾರಿಯ ಆಹ್ವಾನದ ಮೇಲೆ ಆಡಮ್ಸ್ 1943ರಿಂದ ಕೆಲವು ಸಲ ಅಲ್ಲಿಗೆ ಹೋದ. ಆ ಓಡಾಟದ ಕಾಲದಲ್ಲಿಯೇ ಅಲ್ಲಿಂದ ಮೌಂಟ್ ವಿಲಿಯಮ್ಸನ್ ಶಿಖರದ ಚಿತ್ರವನ್ನು ತೆಗೆದ.

ಆಳವೆಂದರೆ ಏನೆಂದು ತಿಳಿಯಬೇಕಾದರೆ ಈ ಚಿತ್ರವನ್ನು ನೋಡಬೇಕು. ಕಾಲಬುಡದಿಂದಲೇ ಗುಂಡುಬಂಡೆಗಳು ಹರಡಿಕೊಂಡಿವೆ. ಮುಂದಿನವು ಆನೆಗಾತ್ರ, ಹಿಂದಿನವು ಹರಳಿನಷ್ಟಾಗಿ ಬೆಟ್ಟದ ಬುಡದವರೆಗೂ ಹಬ್ಬಿವೆ. ಅದರ ಮೇಲೆ 14,000 ಅಡಿಗೂ ಮಿಕ್ಕ ಎತ್ತರದ ಪರ್ವತ. ಮೋಡದ ಸೀಳಿನಿಂದ ಇಳಿದ ಬೆಳಕಿನ ಕೋಲುಗಳು. ವಿದೂಷಕನ ದೃಷ್ಟಿ ಇಲ್ಲಿ ಎಡವುವುದಿರಲಿ, ಬಿದ್ದೇ ಹೋದೀತು. ಚಿತ್ರ ಸತ್ಯ. ಬಂಡೆ ಬಂಡೆಯಾಗಿಯೂ ದೂರ ದೂರವಾಗಿಯೂ ಇವೆ. ಮುಳ್ಳುತಂತಿ, ಕಾವಲಿನ ಗೋಪುರ, ಟಾರುಕಾಗದ ಹೊದಿಸಿದ ಮರದ ಮನೆಗಳ ಸಾಲು ಮಾತ್ರ ಇಲ್ಲ. ಅವು ಕ್ಯಾಮೆರಾದ ಬೆನ್ನಿಗೆ ಉಳಿದವು. ಅಕ್ಷರಗಳನ್ನು ಕೆರೆದು ತೆಗೆಯಲು ಚಾಕು ಬೇಕಾಯಿತು; ಇಲ್ಲಿ ಮುಖ ತಿರುಗಿಸಿದರೆ ಸಾಕಾಯಿತು. ಅಷ್ಟು ಆಳವುಳ್ಳ ಚಿತ್ರ ನಮ್ಮ ಗಮನವನ್ನೆಲ್ಲ ಹೀರಿಕೊಂಡು, ಹೊರಗೆ ಏನಿತ್ತೆಂದು ಕೇಳುವ ಬುದ್ಧಿಯನ್ನೇ ಮಂಕು ಮಾಡುತ್ತದೆ. ಚಪ್ಪಟೆಯಾದ ಚಿತ್ರಕ್ಕೆ ಈ ಶಕ್ತಿ ಇರುತ್ತಿರಲಿಲ್ಲ.

ಆಡಮ್ಸ್‌ಗೆ ಅನ್ಯಾಯವಾಗಬಾರದು. ಆತ ಆ ಶಿಬಿರದ ಜನರ ಮುಖಗಳನ್ನು, ಅವರ ತೋಟಗಳನ್ನು, ಶಾಲೆಯನ್ನು ಚಿತ್ರಿಸಿ, ಅವರೂ ಸ್ವತಂತ್ರರಾಗಿ ಸಮಾನರಾಗಿ ಹುಟ್ಟಿದವರೆಂದು ಸಾರುವ ಹೆಸರಿನ ಪುಸ್ತಕವನ್ನು ಯುದ್ಧ ಇನ್ನೂ ನಡೆಯುತ್ತಿದ್ದ 1944ರಲ್ಲಿ ಪ್ರಕಟಿಸಿದ. ಶತ್ರುಗಳೆಂದು ಬೈಸಿಕೊಳ್ಳುತ್ತಿದ್ದವರ ಪರವಾಗಿ ಮಾತಾಡಲು ಆಗ ಧೈರ್ಯ ಬೇಕಾಗಿತ್ತು. ಕಾವಲು ಗೋಪುರಗಳನ್ನು ತೆಗೆಯಲು ಅಪ್ಪಣೆಯೂ ಇರಲಿಲ್ಲ. 1965ರಲ್ಲಿ ಆ ಚಿತ್ರಗಳನ್ನೆಲ್ಲ ಅಮೆರಿಕದ ರಾಷ್ಟ್ರೀಯ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್ಸಿಗೆ ಕೊಟ್ಟುಬಿಟ್ಟ. ಪರ್ವತದ ಚಿತ್ರದ ಶೀರ್ಷಿಕೆಯಲ್ಲಿಯೂ 'ಮಾಂಜನಾರ್‌ನಿಂದ' ಎಂಬ ಮಾತನ್ನು ಆತ ಬಿಡಲಿಲ್ಲ. ನೆರಳು ಬೆಳಕುಗಳು ಹೇಳದಿದ್ದುದನ್ನು ಆ ಒಂದು ಪದ ಹೇಳುತ್ತದೆ, ಓದುವವರು ನಿಂತು ಓದಿದರೆ.

ಆಡಮ್ಸ್ ಅಲ್ಲಿ ಚಿತ್ರಿಸಿದವರಲ್ಲಿ ತೋಯೋ ಮಿಯಾತಾಕೆ ಎಂಬಾತನೂ ಒಬ್ಬ. ಲಾಸ್ ಏಂಜಲಿಸ್‌ನಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದವನು, ಈಗ ಬಂದಿ. ಶಿಬಿರದವರು ಕ್ಯಾಮೆರಾ ಇಟ್ಟುಕೊಳ್ಳುವಂತಿರಲಿಲ್ಲ. ಆತ ಒಂದು ಲೆನ್ಸನ್ನು ಗುಟ್ಟಾಗಿ ಒಳಗೆ ತಂದು, ಮರದ ಪೆಟ್ಟಿಗೆ ಮಾಡಿಸಿ ಅದಕ್ಕೆ ಜೋಡಿಸಿಕೊಂಡು ಚಿತ್ರ ತೆಗೆಯಲಾರಂಭಿಸಿದ. ಮುಳ್ಳುತಂತಿಯ ಬಳಿ ನಿಂತ ಮೂವರು ಹುಡುಗರ ಚಿತ್ರ ಆತನದು. ಅದರಲ್ಲಿ ಕಾವಲು ಗೋಪುರ ಇದೆ. ವಿಷಯ ಹೊರಬಿದ್ದಮೇಲೆ ಶಿಬಿರದ ಆಡಳಿತ ಅವನಿಗೆ ಚಿತ್ರ ತೆಗೆಯಲು ಒಪ್ಪಿಗೆ ಕೊಟ್ಟಿತು, ಆದರೆ ಒಂದು ಕಟ್ಟಳೆಯ ಮೇಲೆ. ಕ್ಯಾಮೆರಾ ಹೂಡುವುದು, ಬೆಳಕು ನೋಡುವುದು, ಎಲ್ಲವನ್ನೂ ಆತ ಮಾಡಬಹುದು. ಕಡೆಯಲ್ಲಿ ಗುಂಡಿ ಒತ್ತುವುದು ಮಾತ್ರ ಬಿಳಿಯನೊಬ್ಬನ ಕೈಯಾಗಿರಬೇಕು. ಕೆಲಕಾಲದ ಮೇಲೆ ಅದನ್ನೂ ಬಿಟ್ಟುಕೊಟ್ಟರು.